ಆಕಾಶದಲ್ಲಿ ಇಂಧನ ಮುಗಿದರೆ ವಿಮಾನ ಏನಾಗುತ್ತದೆ?

ಕಳೆದ ಕಕ್ಕಡದಲ್ಲಿ, ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಪಕ್ಕದ ಮನೆಯ ಮಾವನ ಮಗ ದುಬೈಯಿಂದ ರಜೆಗೆ ಬರುವವನಿದ್ದ. ಬೆಳಗಿನ ಜಾವ ಮೂರೂವರೆಗೆ ವಿರಾಜಪೇಟೆ ಬಿಟ್ಟೆವು. ಮಾಕುಟ್ಟ ಘಾಟಿಯ ಮಳೆಯಲ್ಲಿ ಜೀಪು ಇಳಿಸಿ ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ ಮುಟ್ಟುವಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕೊಡಗಿಗೆ ಸ್ವಂತದ ವಿಮಾನ ನಿಲ್ದಾಣವಿಲ್ಲ. 2018ರ ಡಿಸೆಂಬರ್‌ನಲ್ಲಿ ಶುರುವಾದ ಈ ನಿಲ್ದಾಣವೇ ನಮ್ಮ ಕಡೆಯವರಿಗೆ ಹತ್ತಿರದ್ದು.

ವಿಮಾನದ ಸದ್ದು ತಲೆಯ ಮೇಲೆ ಎರಡು ಸಲ ಹಾದುಹೋಯಿತು. ಮಂಜಿನಲ್ಲಿ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಬೋರ್ಡಿನಲ್ಲಿ ಆ ವಿಮಾನದ ಮುಂದೆ 'ಡೈವರ್ಟೆಡ್' ಎಂದು ಬಂತು. ಕೊಚ್ಚಿಗೆ ಹೋಯಿತಂತೆ. ಕಾಯುತ್ತಿದ್ದ ಜನರಿಗೆಲ್ಲ ಸಿಟ್ಟು. "ಇನ್ನೊಂದು ಸುತ್ತು ಹೊಡಿಲಿಕ್ಕೆ ಎಂತ ಕಷ್ಟ ಅವನಿಗೆ?" ಎಂದು ಮಾವನೂ ಗೊಣಗಿದರು. ಮರುಗಳಿಗೆಯಲ್ಲೇ ದನಿ ತಗ್ಗಿಸಿ ನನ್ನ ಕಡೆ ತಿರುಗಿ, "ಅಲ್ಲ, ಸುತ್ತಿ ಸುತ್ತಿ ಎಣ್ಣೆ ಮುಗಿದ್ರೆ ಎಂತ ಆಗುದು ಮಗ? ಸೀದಾ ಬೀಳುದಾ?" ಎಂದು ಕೇಳಿದರು.

ಆವತ್ತು ಅರ್ಧಂಬರ್ಧ ಹೇಳಿದ್ದೆ. ಮನೆಯ ಒಬ್ಬರಾದರೂ ಗಲ್ಫಿನಲ್ಲೋ ಸೈನ್ಯದಲ್ಲೋ ಇರುವ ನಮ್ಮ ಊರುಗಳಲ್ಲಿ ಈ ಪ್ರಶ್ನೆ ಮಾವನೊಬ್ಬರದ್ದಲ್ಲ. ಹಾಗಾಗಿ ಇಲ್ಲಿ ಬುಡದಿಂದ ಬರೆಯುತ್ತಿದ್ದೇನೆ.

ಸೀದಾ ಬೀಳುವುದಿಲ್ಲ

ವಿಮಾನವನ್ನು ಎಂಜಿನ್ ಎತ್ತಿ ಹಿಡಿದಿರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಎತ್ತಿ ಹಿಡಿಯುವುದು ರೆಕ್ಕೆ. ರೆಕ್ಕೆಯ ಮೇಲೂ ಕೆಳಗೂ ಗಾಳಿ ವೇಗವಾಗಿ ಹರಿಯುತ್ತಿದ್ದರೆ ಅದು ವಿಮಾನವನ್ನು ಮೇಲಕ್ಕೆ ತಳ್ಳುತ್ತದೆ. ಆ ವೇಗ ಉಳಿಯುವಂತೆ ಮುಂದಕ್ಕೆ ನೂಕುವುದಷ್ಟೇ ಎಂಜಿನ್ನಿನ ಕೆಲಸ. ಎಂಜಿನ್ ನಿಂತರೂ ವೇಗ ಉಳಿಸಿಕೊಳ್ಳಲು ಪೈಲಟ್‌ಗೆ ಇನ್ನೊಂದು ದಾರಿಯಿದೆ. ಮೂತಿಯನ್ನು ತುಸು ಕೆಳಗೆ ಮಾಡಿ, ಎತ್ತರವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತಾ ಜಾರುವುದು.

ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವ ರಸ್ತೆಯನ್ನು ನೆನಪಿಸಿಕೊಳ್ಳಿ. ಎಂಜಿನ್ ಬಂದ್ ಆದರೂ ಇಳಿಜಾರು ಇರುವಷ್ಟು ದೂರ ಗಾಡಿ ಉರುಳುತ್ತಲೇ ಇರುತ್ತದೆ. ಘಟ್ಟ ಹತ್ತುವಾಗ ಸುಟ್ಟ ಡೀಸೆಲ್ಲೇ ಎತ್ತರವಾಗಿ ಜಮೆಯಾಗಿದೆ, ಇಳಿಯುವಾಗ ಅದನ್ನು ಖರ್ಚು ಮಾಡುತ್ತೇವೆ. ವಿಮಾನಕ್ಕೂ ಎತ್ತರವೇ ಉಳಿತಾಯದ ಹಣ. ದೊಡ್ಡ ಪ್ರಯಾಣಿಕ ವಿಮಾನ ಎಂಜಿನ್ ಇಲ್ಲದೆ ಒಂದು ಕಿಲೋಮೀಟರ್ ಕೆಳಗಿಳಿಯುವಷ್ಟರಲ್ಲಿ ಸುಮಾರು 15 ಕಿಲೋಮೀಟರ್ ಮುಂದೆ ಹೋಗಬಲ್ಲದು.

ಮಡಿಕೇರಿಯ ಮೇಲೆ 11 ಕಿ.ಮೀ. ಎತ್ತರದಲ್ಲಿ ಹೋಗುತ್ತಿರುವ ವಿಮಾನದ ಎರಡೂ ಎಂಜಿನ್ ನಿಂತವು ಎಂದಿಟ್ಟುಕೊಳ್ಳಿ. ನೇರ ಗೆರೆ ಎಳೆದರೆ ಮಟ್ಟನ್ನೂರು ಸುಮಾರು 60 ಕಿ.ಮೀ., ಮಂಗಳೂರಿನ ಬಜ್ಪೆ ಸುಮಾರು 110 ಕಿ.ಮೀ. ಎರಡೂ ಕೈಗೆಟಕುವ ದೂರವೇ. ಮೈಸೂರಿನ ಮಂಡಕಳ್ಳಿಯೂ 100 ಕಿ.ಮೀ. ಆಸುಪಾಸಿನಲ್ಲಿದೆ, ಆದರೆ ಅಲ್ಲಿನ ರನ್‌ವೇ ದೊಡ್ಡ ವಿಮಾನಕ್ಕೆ ಗಿಡ್ಡ. ದೇವನಹಳ್ಳಿ 200 ಕಿ.ಮೀ. ದಾಟುತ್ತದೆ, ಅಲ್ಲಿಗೆ ಮುಟ್ಟುವುದಿಲ್ಲ. ಎಂಜಿನ್ ನಿಂತ ಪೈಲಟ್ ಮೊದಲು ಹಾಕುವುದು ಇಂಥದ್ದೇ ಲೆಕ್ಕ.

ಘಾಟಿಯಲ್ಲಿ ಗಾಡಿಯ ಎಂಜಿನ್ ಬಂದ್ ಮಾಡಿ ಇಳಿಯಬಾರದು ಎಂದು ಹಿರಿಯರು ಬೈಯುವುದು ಯಾಕೆಂದು ಡ್ರೈವಿಂಗ್ ಗೊತ್ತಿರುವವರಿಗೆಲ್ಲ ಗೊತ್ತು. ಬ್ರೇಕ್ ಕಲ್ಲಿನಂತಾಗುತ್ತದೆ, ಸ್ಟೀರಿಂಗ್ ತೀರಾ ಭಾರವಾಗುತ್ತದೆ, ಏಕೆಂದರೆ ಅವಕ್ಕೆ ಬಲ ಕೊಡುವುದು ಎಂಜಿನ್. ವಿಮಾನದಲ್ಲೂ ಹಾಗೆಯೇ. ರೆಕ್ಕೆ ಮತ್ತು ಬಾಲದ ಫಲಕಗಳನ್ನು ಅಲ್ಲಾಡಿಸುವ ಹೈಡ್ರಾಲಿಕ್ ಒತ್ತಡ, ಕಾಕ್‌ಪಿಟ್‌ನ ಕರೆಂಟು, ಪ್ರಯಾಣಿಕರು ಉಸಿರಾಡುವ ಗಾಳಿಯ ಒತ್ತಡ, ಎಲ್ಲವೂ ಎಂಜಿನ್ನಿನಿಂದ. ಅದಕ್ಕಾಗಿ ಬಹಳಷ್ಟು ದೊಡ್ಡ ವಿಮಾನಗಳ ಹೊಟ್ಟೆಯಲ್ಲೋ ರೆಕ್ಕೆಯ ಬುಡದಲ್ಲೋ ಚಿಕ್ಕ ಫ್ಯಾನೊಂದನ್ನು ಮಡಚಿ ಇಟ್ಟಿರುತ್ತಾರೆ. ಎಂಜಿನ್‌ಗಳು ನಿಂತಾಗ ಅದು ಹೊರಗೆ ಬೀಳುತ್ತದೆ. ಜಾತ್ರೆಯ ಗಿರಗಿಟ್ಲೆಯ ಹಾಗೆ ಎದುರು ಗಾಳಿಗೆ ತಿರುಗುತ್ತಾ, ವಿಮಾನವನ್ನು ಹಿಡಿತದಲ್ಲಿಡಲು ಬೇಕಾದಷ್ಟು ಬಲ ಹುಟ್ಟಿಸುತ್ತದೆ. ಇದರ ಹೆಸರು ರಾಮ್ ಏರ್ ಟರ್ಬೈನ್. ವೇಗ ಕಡಿಮೆಯಾದಂತೆ ಇದರ ಬಲವೂ ಇಳಿಯುತ್ತದೆ, ಅಂದರೆ ನೆಲ ಹತ್ತಿರವಾದಷ್ಟೂ ಪೈಲಟ್‌ನ ಕೈ ಭಾರವಾಗುತ್ತದೆ. ರನ್‌ವೇ ತಪ್ಪಿದರೆ ಮತ್ತೆ ಮೇಲೇರಿ ಬರುವ ಮಾತಿಲ್ಲ. ಸಿಗುವುದು ಒಂದೇ ಅವಕಾಶ.

ಎಷ್ಟು ಇಂಧನ ತುಂಬುತ್ತಾರೆ?

ಟ್ಯಾಂಕ್ ತುಂಬ ತುಂಬಿಸಿಕೊಂಡರೆ ಈ ರಗಳೆಯೇ ಇಲ್ಲವಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಇಂಧನಕ್ಕೂ ಭಾರವಿದೆ, ಭಾರ ಹೊರಲು ಮತ್ತೆ ಇಂಧನ ಬೇಕು. ಒಂದು ಟನ್ ಹೆಚ್ಚುವರಿ ಹೊತ್ತರೆ ಅದರಲ್ಲೇ ಸುಮಾರು 30ರಿಂದ 40 ಕೆ.ಜಿ. ಪ್ರತಿ ಗಂಟೆಗೆ ಅದನ್ನು ಹೊರುವುದಕ್ಕೇ ಉರಿದುಹೋಗುತ್ತದೆ. ಮೇಲಾಗಿ ಇಳಿಯುವಾಗ ವಿಮಾನ ಇಂತಿಷ್ಟೇ ತೂಗಬೇಕು ಎಂಬ ಮಿತಿಯೂ ಇದೆ.

ಆದ್ದರಿಂದ ಪ್ರತಿ ಹಾರಾಟಕ್ಕೂ ಭಾಗ ಭಾಗವಾಗಿ ಲೆಕ್ಕ ಹಾಕುತ್ತಾರೆ. ನೆಲದ ಮೇಲೆ ರನ್‌ವೇವರೆಗೆ ಹೋಗಲು ಇಷ್ಟು. ಹೊರಟಲ್ಲಿಂದ ಇಳಿಯುವಲ್ಲಿಗೆ ಇಷ್ಟು. ಎದುರು ಗಾಳಿ ಜೋರಾದರೆ, ಮೋಡ ಸುತ್ತಿಕೊಂಡು ಹೋಗಬೇಕಾದರೆ ಎಂದು ಸಾಮಾನ್ಯವಾಗಿ ಆ ಪ್ರಯಾಣದ ಇಂಧನದ ಶೇಕಡಾ 5ರಷ್ಟು ಮೇಲೆ. ಅಲ್ಲಿ ಇಳಿಯಲಾಗದಿದ್ದರೆ ಮೊದಲೇ ಗೊತ್ತು ಮಾಡಿಟ್ಟ ಇನ್ನೊಂದು ನಿಲ್ದಾಣಕ್ಕೆ ಹೋಗಲು ಮತ್ತಷ್ಟು. ಕಣ್ಣೂರಿಗೆ ಕೊಚ್ಚಿಯಂಥದ್ದು. ಇಷ್ಟೆಲ್ಲ ಆದ ಮೇಲೂ ಕೊನೆಯದೊಂದು ಪಾಲು ಇದೆ: ನಿಲ್ದಾಣದ ಮೇಲೆ 1,500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತುವಷ್ಟು ಇಂಧನ. ಜೆಟ್ ವಿಮಾನಗಳಿಗೆ ಜಗತ್ತಿನ ಹೆಚ್ಚಿನ ಕಡೆ ಇದೇ ಅಳತೆ.

ಈ ಕೊನೆಯ ಪಾಲನ್ನು ಪತ್ತಾಯದ ಬಿತ್ತನೆ ಭತ್ತಕ್ಕೆ ಹೋಲಿಸಬಹುದು. ಮನೆಯಲ್ಲಿ ಅಕ್ಕಿ ಮುಗಿದು ಸಾಲ ತಂದರೂ ಬಿತ್ತನೆಗೆ ತೆಗೆದಿಟ್ಟದ್ದಕ್ಕೆ ನಮ್ಮ ಅಜ್ಜಿಯಂದಿರು ಕೈಹಾಕುತ್ತಿರಲಿಲ್ಲ. ಪೈಲಟ್ ಕೂಡ ಈ 30 ನಿಮಿಷದ ಇಂಧನ ಟ್ಯಾಂಕಿನಲ್ಲಿ ಹಾಗೇ ಉಳಿದಿರುವಂತೆ ಇಳಿಯಬೇಕು. ಇನ್ನು ಸ್ವಲ್ಪ ತಡವಾದರೂ ಅದಕ್ಕೆ ಕೈಹಾಕಬೇಕಾದೀತು ಎನಿಸಿದಾಗ 'ಮಿನಿಮಮ್ ಫ್ಯೂಯೆಲ್' ಎಂದು ಕೆಳಗೆ ಕೂತು ವಿಮಾನಗಳಿಗೆ ದಾರಿ ಹೇಳುವ ಸಂಚಾರ ನಿಯಂತ್ರಕರಿಗೆ ತಿಳಿಸುತ್ತಾರೆ. ಕೈಹಾಕುವುದು ಖಚಿತ ಎಂದಾದಾಗ ಹೇಳಬೇಕಾದ್ದು 'ಮೇಡೇ, ಮೇಡೇ, ಮೇಡೇ, ಫ್ಯೂಯೆಲ್'. 'ಮೇಡೇ' ಎಂದರೆ ಪ್ರಾಣಾಪಾಯದ ಕರೆ. ಅದು ಬಿದ್ದ ಕೂಡಲೇ ಉಳಿದ ವಿಮಾನಗಳನ್ನು ಬದಿಗೆ ಸರಿಸಿ ದಾರಿ ಬಿಡುತ್ತಾರೆ. 2025ರ ಜೂನ್ 19ರಂದು ಗುವಾಹಟಿಯಿಂದ ಚೆನ್ನೈಗೆ ಹೊರಟಿದ್ದ ವಿಮಾನವೊಂದು ಚೆನ್ನೈನಲ್ಲಿ ಇಳಿಯಲಾಗದೆ ಬೆಂಗಳೂರಿನ ಕಡೆ ತಿರುಗಿ, ಇಂಧನ ಕಡಿಮೆಯೆಂದು ಮೇಡೇ ಕರೆ ಕೊಟ್ಟು ಸುರಕ್ಷಿತವಾಗಿ ಇಳಿಯಿತು. ಸುದ್ದಿ ಓದಿ ಹೆದರಿದವರು ಬಹಳ. ನನಗೆ ಅದು ವ್ಯವಸ್ಥೆ ಕೆಲಸ ಮಾಡಿದ ಸುದ್ದಿಯಾಗಿ ಕಂಡಿತು, ಏಕೆಂದರೆ ಕರೆ ಸ್ಪಷ್ಟವಾಗಿತ್ತು, ಸಮಯಕ್ಕೆ ಬಂದಿತ್ತು.

ಆ ಪದಗಳನ್ನು ಹೀಗೆ ಗಟ್ಟಿ ಮಾಡಿದ್ದರ ಹಿಂದೆ ಸಾವುಗಳಿವೆ. 1990ರ ಜನವರಿ 25ರ ರಾತ್ರಿ ಕೊಲಂಬಿಯಾದ ಏವಿಯಾಂಕಾ ಸಂಸ್ಥೆಯ ಬೋಯಿಂಗ್ 707 ನ್ಯೂಯಾರ್ಕ್ ತಲುಪುವ ಮೊದಲು ದಾರಿಯಲ್ಲಿ ಮತ್ತೆ ಮತ್ತೆ ಕಾಯಬೇಕಾಯಿತು. ಎಲ್ಲ ಸೇರಿ ಒಂದು ಗಂಟೆ 17 ನಿಮಿಷ. ಸಿಬ್ಬಂದಿ ಇಂಧನ ಕಡಿಮೆ ಎಂದರು, ಆದ್ಯತೆ ಕೊಡಿ ಎಂದರು. 'ತುರ್ತು' ಎಂಬ ಮಾತನ್ನು ಮಾತ್ರ ಆಡಲಿಲ್ಲ. ಕೆಳಗಿದ್ದವರಿಗೆ ಗಂಭೀರತೆ ತಿಳಿಯಲಿಲ್ಲ. ಎಂಜಿನ್‌ಗಳು ಒಂದೊಂದಾಗಿ ಆರಿ ವಿಮಾನ ಗುಡ್ಡಕ್ಕೆ ಬಡಿಯಿತು. 158 ಜನರಲ್ಲಿ 73 ಮಂದಿ ಸತ್ತರು.

ಲೀಟರ್ ತೂಕ ತಪ್ಪಿದ ಕಥೆ

ಗೋಣಿಕೊಪ್ಪದ ಮಂಡಿಗೆ ಕರಿಮೆಣಸು ಕೊಂಡುಹೋದವರು ಇದನ್ನು ನೋಡಿಯೇ ಇರುತ್ತಾರೆ. ವ್ಯಾಪಾರಿ ಚೀಲಕ್ಕೆ ಕೈಹಾಕಿ ಒಂದು ಹಿಡಿ ಮೆಣಸನ್ನು ಅಂಗೈಯಲ್ಲಿ ಉಜ್ಜುತ್ತಾನೆ. ಆಮೇಲೆ ಲೀಟರ್ ಅಳತೆಯ ಪಾತ್ರೆಗೆ ಮೆಣಸು ತುಂಬಿ, ಬಾಯಿಯ ಮಟ್ಟಕ್ಕೆ ಕಡ್ಡಿ ಎಳೆದು, ತಕ್ಕಡಿಗೆ ಇಡುತ್ತಾನೆ. 550 ಗ್ರಾಂ ಬಂದರೆ ಒಳ್ಳೆಯ ಕಾಳು. ಕಡಿಮೆ ಬಂದರೆ ಜೊಳ್ಳಿದೆ, ರೇಟು ಇಳಿಯುತ್ತದೆ. ಒಂದು ಲೀಟರ್ ಎಂದರೆ ಒಂದು ಕೆ.ಜಿ. ಅಲ್ಲ ಎಂಬುದನ್ನು ಮೆಣಸು ಬೆಳೆಯುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿಮಾನದ ಇಂಧನಕ್ಕೂ ಲೀಟರ್ ತೂಕವಿದೆ, ಸುಮಾರು 800 ಗ್ರಾಂ. ಲಾರಿಯಿಂದ ತುಂಬುವಾಗ ಅಳೆಯುವುದು ಲೀಟರಿನಲ್ಲಿ, ಪೈಲಟ್‌ಗೆ ಬೇಕಿರುವುದು ಕೆ.ಜಿ.ಯಲ್ಲಿ. ಬಿಸಿಗೆ ಇಂಧನ ಹಿಗ್ಗಿದರೂ ಅದರ ತೂಕ ಬದಲಾಗುವುದಿಲ್ಲ, ಎಂಜಿನ್ನಿಗೆ ಲೆಕ್ಕವಿರುವುದು ತೂಕವೇ.

1983ರ ಜುಲೈ 23ರಂದು ಏರ್ ಕೆನಡಾದ ಹೊಸ ಬೋಯಿಂಗ್ 767 ಮಾಂಟ್ರಿಯಲ್‌ನಿಂದ ಒಟ್ಟಾವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಟಿತ್ತು. ಇಂಧನದ ಮೀಟರ್ ಕೆಟ್ಟಿತ್ತು. ತೋಟದ ಮನೆಯ ಡೀಸೆಲ್ ಡ್ರಮ್ಮಿಗೆ ಕೋಲು ಇಳಿಸಿ ನೋಡುವಂತೆ ಟ್ಯಾಂಕನ್ನು ಅಳತೆ ಕಡ್ಡಿಯಿಂದ ನೋಡಿದರು. 7,682 ಲೀಟರ್ ಇತ್ತು. ಬೇಕಿದ್ದದ್ದು 22,300 ಕೆ.ಜಿ. ಕೆನಡಾ ಆಗ ಪೌಂಡಿನಿಂದ ಕಿಲೋಗ್ರಾಮಿಗೆ ಬದಲಾಗುತ್ತಿದ್ದ ಕಾಲ. ಆ ಸಂಸ್ಥೆಯಲ್ಲಿ ಕೆ.ಜಿ. ಲೆಕ್ಕದ ಮೊದಲ ವಿಮಾನ ಅದೇ. ಲೆಕ್ಕ ಹಾಕಿದವರು ಹಳೆಯ ಅಭ್ಯಾಸದಂತೆ ಲೀಟರಿಗೆ 1.77 ಎಂದು ಗುಣಿಸಿದರು. ಅದು ಒಂದು ಲೀಟರ್ ಇಂಧನ ಎಷ್ಟು ಪೌಂಡ್ ತೂಗುತ್ತದೆ ಎಂಬ ಸಂಖ್ಯೆ. ಬಂದ 13,597ನ್ನು ಕೆ.ಜಿ. ಎಂದೇ ತಿಳಿದರು. ನಿಜಕ್ಕೂ ಟ್ಯಾಂಕಿನಲ್ಲಿದ್ದದ್ದು ಆರು ಸಾವಿರ ಕೆ.ಜಿ.ಗಿಂತ ಸ್ವಲ್ಪವೇ ಹೆಚ್ಚು. ಅದರ ಮೇಲೆ ಇಪ್ಪತ್ತು ಸಾವಿರ ಲೀಟರ್ ತುಂಬಬೇಕಾದಲ್ಲಿ ಐದು ಸಾವಿರವೂ ತುಂಬದೆ ಹೊರಟರು. ಒಟ್ಟಾವಾದಲ್ಲಿ ಮತ್ತೆ ಅಳೆದರು, ಮತ್ತೆ ಅದೇ 1.77ರಿಂದ ಗುಣಿಸಿದರು. ಲೆಕ್ಕ ತಾಳೆಯಾಯಿತು. ತಪ್ಪು ಅಳತೆಯನ್ನು ಅದೇ ಅಳತೆಯಿಂದ ಪರೀಕ್ಷಿಸಿದರೆ ತಪ್ಪು ಸಿಗುವುದಾದರೂ ಹೇಗೆ?

41,000 ಅಡಿ ಎತ್ತರದಲ್ಲಿ ಮೊದಲ ಎಚ್ಚರಿಕೆ ಗಂಟೆ ಹೊಡೆಯಿತು. ಇಂಧನದ ಪಂಪು ಕೆಟ್ಟಿರಬೇಕು ಎಂದುಕೊಂಡರು. ಸ್ವಲ್ಪ ಹೊತ್ತಿನಲ್ಲಿ ಎರಡೂ ಎಂಜಿನ್ ಆರಿದವು. ಕಾಕ್‌ಪಿಟ್‌ನ ಪರದೆಗಳು ಕಪ್ಪಾದವು. ಗಿರಗಿಟ್ಲೆ ಹೊರಬಿತ್ತು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್‌ಗೆ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸುವ ಅನುಭವವಿತ್ತು. ಸಹ ಪೈಲಟ್ ಮಾರಿಸ್ ಕ್ವಿಂಟಾಲ್ ಹಿಂದೆ ವಾಯುಪಡೆಯಲ್ಲಿದ್ದಾಗ ಗಿಮ್ಲಿ ಎಂಬ ಊರಿನ ನೆಲೆಯಲ್ಲಿದ್ದವರು. ವಿನ್ನಿಪೆಗ್‌ವರೆಗೆ ಎತ್ತರ ಸಾಲುವುದಿಲ್ಲ ಎಂದು ಗೊತ್ತಾದಾಗ ಅವರಿಗೆ ನೆನಪಾದದ್ದು ಆ ಹಳೆಯ ರನ್‌ವೇ. ಅದು ಈಗ ಕಾರ್ ರೇಸಿನ ಟ್ರ್ಯಾಕ್ ಆಗಿದೆ, ಅವತ್ತು ಅಲ್ಲಿ ಸಂಸಾರಗಳೆಲ್ಲ ಸೇರಿ ರೇಸಿನ ದಿನ ಆಚರಿಸುತ್ತಿವೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಹತ್ತಿರ ಬಂದಾಗ ಎತ್ತರ ಜಾಸ್ತಿಯಿತ್ತು. ಹೀಗೇ ಹೋದರೆ ರನ್‌ವೇ ದಾಟಿಹೋಗುತ್ತದೆ, ಒಂದು ಸುತ್ತು ಹಾಕಿದರೆ ನೆಲಕ್ಕೆ ಬೀಳುತ್ತದೆ. ಪಿಯರ್ಸನ್ ವಿಮಾನವನ್ನು ಒಂದು ಕಡೆ ವಾಲಿಸಿ, ಮೂತಿಯನ್ನು ಇನ್ನೊಂದು ಕಡೆ ತಿರುಗಿಸಿ, ಅಡ್ಡಡ್ಡ ಜಾರಿಸಿ ಇಳಿಸಿದರು. ಚಿಕ್ಕ ಗ್ಲೈಡರ್‌ಗಳಲ್ಲಿ ಮಾಡುವ ಈ ತಂತ್ರವನ್ನು ಅಷ್ಟು ದೊಡ್ಡ ವಿಮಾನದಲ್ಲಿ ಮಾಡಿದರು. ಮುಂದಿನ ಚಕ್ರ ಗಟ್ಟಿಯಾಗಿ ಕೂತಿರಲಿಲ್ಲ, ಮಡಚಿಕೊಂಡು ಮೂತಿ ನೆಲಕ್ಕೆ ಉಜ್ಜಿತು. ಅದರಿಂದಲೇ ವಿಮಾನ ಜನರ ಹತ್ತಿರ ಹೋಗುವ ಮೊದಲೇ ನಿಂತಿತು. ಒಳಗಿದ್ದ 69 ಮಂದಿಯೂ ಬದುಕಿದರು. ಮೂತಿ ಕೆಳಗಾಗಿ ಬಾಲ ಮೇಲೆದ್ದಿದ್ದರಿಂದ ಹಿಂಬಾಗಿಲಿನ ಜಾರುಬಂಡೆ ತೀರಾ ಕಡಿದಾಗಿತ್ತು, ಇಳಿಯುವಾಗ ಕೆಲವರಿಗೆ ಸಣ್ಣ ಗಾಯಗಳಾದವು, ಅಷ್ಟೇ. ಆ ವಿಮಾನ ರಿಪೇರಿಯಾಗಿ 2008ರವರೆಗೂ ಹಾರಿತು.

ತಿರುಪತಿಯ ಗದ್ದೆ

ನಮ್ಮ ದಕ್ಷಿಣದಲ್ಲೇ ನಡೆದ ಇಂಥದ್ದೊಂದು ಘಟನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿಲ್ಲ. 1993ರ ನವೆಂಬರ್ 15. ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ300 ಮದ್ರಾಸಿನಿಂದ ಹೈದರಾಬಾದಿಗೆ ಹೋಗಿತ್ತು. ಅಲ್ಲಿ ರನ್‌ವೇ ಸರಿಯಾಗಿ ಕಾಣಲಿಲ್ಲ. ಇಳಿಯುವುದನ್ನು ಕೈಬಿಟ್ಟು ಮೇಲೇರಿದರು. ಆಗ ಫ್ಲಾಪ್ ಒಳಗೆ ಹೋಗದೆ ಸಿಕ್ಕಿಕೊಂಡಿತು.

ರೆಕ್ಕೆಯ ಪಕ್ಕ ಕೂತು ಪ್ರಯಾಣ ಮಾಡಿದವರು ಫ್ಲಾಪ್ ನೋಡಿರುತ್ತೀರಿ. ಇಳಿಯುವ ಹೊತ್ತಿಗೆ 'ಗುಂಯ್' ಎಂಬ ಸದ್ದಿನೊಂದಿಗೆ ರೆಕ್ಕೆಯ ಹಿಂದಿನ ಅಂಚು ಹೊರಗೆ ಚಾಚಿ ಕೆಳಗೆ ಬಾಗುತ್ತದೆ. ಕಡಿಮೆ ವೇಗದಲ್ಲೂ ವಿಮಾನ ತೇಲಲು ಅದು ಬೇಕು. ಆದರೆ ಗಾಳಿಯನ್ನೂ ಅಷ್ಟೇ ತಡೆಯುತ್ತದೆ. ಕಕ್ಕಡದ ಗಾಳಿಯಲ್ಲಿ ಕೊಡೆ ಬಿಚ್ಚಿಕೊಂಡು ಬೈಕಿನ ಹಿಂದೆ ಕೂತಂತೆ. ಫ್ಲಾಪ್ ಹೊರಗಿದ್ದರೆ ವೇಗವಾಗಿ ಹೋಗುವಂತಿಲ್ಲ, ಎತ್ತರಕ್ಕೆ ಏರುವಂತಿಲ್ಲ, ಇಂಧನ ಮಾತ್ರ ಸುರಿದಂತೆ ಖರ್ಚಾಗುತ್ತದೆ. ಹೋಗುವಾಗ ಹಾಕಿದ ಲೆಕ್ಕ ಬರುವಾಗ ಉಪಯೋಗಕ್ಕೆ ಬರುವುದಿಲ್ಲ.

ಮದ್ರಾಸಿಗೆ ವಾಪಸು ಹೊರಟ ವಿಮಾನಕ್ಕೆ ಮದ್ರಾಸು ಮುಟ್ಟುವಷ್ಟು ಇಂಧನ ಉಳಿಯಲಿಲ್ಲ. ತಿರುಪತಿಗಾದರೂ ಹೋಗೋಣವೆಂದರು, ಅದೂ ಆಗಲಿಲ್ಲ. ಕೊನೆಗೆ ತಿರುಪತಿ ಹತ್ತಿರದ ಭತ್ತದ ಗದ್ದೆಯೊಂದರಲ್ಲಿ ಇಳಿಸಿದರು. ನವೆಂಬರ್ ತಿಂಗಳ ಗದ್ದೆ, ಮೆದು ಮಣ್ಣು, ಸುತ್ತಲೂ ಬಯಲು. ಒಳಗಿದ್ದ 262 ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ವಿಮಾನ ಮಾತ್ರ ಮತ್ತೆ ಹಾರಲಿಲ್ಲ. ಈ ಸಂಖ್ಯೆಯನ್ನು ಬರೆಯುವಾಗ ಪ್ರತಿ ಸಲ ಎದೆ ತುಂಬಿ ಬರುತ್ತದೆ. ನಮ್ಮ ಬೆಟ್ಟಗಳ ಮೇಲೆ ಹಾಗಾಗಿದ್ದರೆ ಅಷ್ಟು ಸಮತಟ್ಟು ಜಾಗ ಎಲ್ಲಿತ್ತು ಎಂದೂ ಅನಿಸುತ್ತದೆ.

ಸೋರಿದರೆ, ಗಮನ ತಪ್ಪಿದರೆ

ಇಂಧನ ಸರಿಯಾಗಿ ತುಂಬಿದ್ದರೂ ಮುಗಿಯಬಹುದು. 2001ರ ಆಗಸ್ಟ್ 24ರಂದು ಏರ್ ಟ್ರಾನ್ಸಾಟ್‌ನ ಏರ್‌ಬಸ್ ಎ330 ಟೊರೊಂಟೊದಿಂದ ಲಿಸ್ಬನ್‌ಗೆ ಅಟ್ಲಾಂಟಿಕ್ ಸಾಗರದ ಮೇಲೆ ಹೋಗುತ್ತಿತ್ತು. ಬಲ ಎಂಜಿನ್ನಿಗೆ ಹೊಂದದ ಭಾಗವೊಂದನ್ನು ಜೋಡಿಸಿದ್ದರಿಂದ ಇಂಧನದ ಪೈಪು ಪಕ್ಕದ ಪೈಪಿಗೆ ಉಜ್ಜಿ ಒಡೆಯಿತು. ಒಂದು ಕಡೆ ಇಂಧನ ಕಡಿಮೆಯಾಗುತ್ತಿರುವುದು ಕಂಡಾಗ ಸಿಬ್ಬಂದಿ ಇನ್ನೊಂದು ಕಡೆಯ ಟ್ಯಾಂಕಿನಿಂದ ಅಲ್ಲಿಗೆ ಹರಿಸಿದರು. ತೂತು ಬಿದ್ದ ಡ್ರಮ್ಮಿಗೆ ಒಳ್ಳೆಯ ಡ್ರಮ್ಮಿನ ನೀರು ಸುರಿದಂತಾಯಿತು. ಎರಡೂ ಎಂಜಿನ್ ಆರಿದ ಮೇಲೆ ಸಾಗರದ ಮೇಲೆ 19 ನಿಮಿಷ ಜಾರಿ ಅಝೋರ್ಸ್ ದ್ವೀಪಗಳ ಲಾಜೆಸ್ ನೆಲೆಯಲ್ಲಿ ಇಳಿದರು. 306 ಮಂದಿಯೂ ಉಳಿದರು.

1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಯುನೈಟೆಡ್ ಸಂಸ್ಥೆಯ ಡಿಸಿ-8 ಚಕ್ರದ ತೊಂದರೆ ನೋಡಿಕೊಳ್ಳುತ್ತಾ ಸುಮಾರು ಒಂದು ಗಂಟೆ ಸುತ್ತಿತು. ಇಂಧನ ಇಳಿಯುತ್ತಿದೆ ಎಂದು ಜೊತೆಯವರು ಹೇಳಿದ್ದು ಕ್ಯಾಪ್ಟನ್‌ನ ಮನಸ್ಸಿಗೆ ನಾಟಲಿಲ್ಲ. 189 ಜನರಲ್ಲಿ 10 ಮಂದಿ ಸತ್ತರು. ದೊಡ್ಡವರು ತಪ್ಪುತ್ತಿದ್ದರೆ ಚಿಕ್ಕವರು ಗಟ್ಟಿಯಾಗಿ ಹೇಳಬೇಕು, ದೊಡ್ಡವರು ಕಿವಿಗೊಡಬೇಕು ಎಂಬುದನ್ನು ಪೈಲಟ್‌ಗಳಿಗೆ ಪಾಠವಾಗಿ ಕಲಿಸುವುದು ಇದಾದ ಮೇಲೆ ಶುರುವಾಯಿತು.

2016ರ ನವೆಂಬರ್ 28ರದ್ದು ಬೇರೆಯೇ. ಬ್ರೆಜಿಲ್‌ನ ಶಾಪೆಕೊಯೆನ್ಸೆ ಫುಟ್ಬಾಲ್ ತಂಡವನ್ನು ಹೊತ್ತು ಬೊಲಿವಿಯಾದಿಂದ ಕೊಲಂಬಿಯಾಕ್ಕೆ ಹೊರಟ ವಿಮಾನದ ಕಾಗದದಲ್ಲಿ ಹಾರಾಟದ ಸಮಯ 4 ಗಂಟೆ 22 ನಿಮಿಷ ಎಂದಿತ್ತು. ಇಂಧನ ಎಷ್ಟು ಹೊತ್ತಿಗೆ ಸಾಲುತ್ತದೆ ಎಂಬಲ್ಲಿಯೂ 4 ಗಂಟೆ 22 ನಿಮಿಷ. ಬಿತ್ತನೆ ಭತ್ತವನ್ನೂ ಸೇರಿಸಿ ಅನ್ನಕ್ಕಿಟ್ಟ ಲೆಕ್ಕ. ಮೆಡೆಲಿನ್ ಹತ್ತಿರದ ಬೆಟ್ಟಕ್ಕೆ ಬಡಿದು 77 ಮಂದಿಯಲ್ಲಿ 71 ಜನ ಹೋದರು.

ಒಳಗೆ ಕೂತವರು ಮಾಡಬೇಕಾದದ್ದು

ಹೆಚ್ಚೇನಿಲ್ಲ. ಸೀಟ್ ಬೆಲ್ಟ್ ಬಿಗಿಯಾಗಿರಲಿ. ಮೇಲಿನಿಂದ ಆಮ್ಲಜನಕದ ಮಾಸ್ಕ್ ಬಿದ್ದರೆ ಮೊದಲು ನಿಮಗೆ ಹಾಕಿಕೊಂಡು ಆಮೇಲೆ ಮಕ್ಕಳಿಗೆ ಹಾಕಿ. ಸಿಬ್ಬಂದಿ ಬಾಗಿ ಎಂದಾಗ ತಲೆ ತಗ್ಗಿಸಿ. ವಿಮಾನ ನಿಂತ ಮೇಲೆ ಬ್ಯಾಗಿಗೆ ಕೈಹಾಕಬೇಡಿ. ಗಲ್ಫಿನಿಂದ ಎರಡು ವರ್ಷಕ್ಕೊಮ್ಮೆ ಬರುವವನಿಗೆ ಆ ಬ್ಯಾಗು ಎಷ್ಟು ಮುಖ್ಯ ಎಂಬುದು ನನಗೆ ಗೊತ್ತಿದೆ. ಆದರೂ ಬೇಡ. ಒಬ್ಬರು ಬ್ಯಾಗ್ ಎಳೆಯುವ ಹೊತ್ತಿನಲ್ಲಿ ಹಿಂದೆ ಹತ್ತು ಜನ ನಿಂತುಬಿಡುತ್ತಾರೆ.

ಮಾವನ ಮೊದಲ ಪ್ರಶ್ನೆ

ಇನ್ನೊಂದು ಸುತ್ತು ಹೊಡೆಯಲು ಎಂತ ಕಷ್ಟ ಎಂದು ಅವರು ಕೇಳಿದ್ದಕ್ಕೆ ಉತ್ತರ ಬಾಕಿಯಿದೆ. ಗಲ್ಫಿನಿಂದ ನಮ್ಮ ಕಡೆ ಬರುವ ಏರ್‌ಬಸ್ ಎ320, ಬೋಯಿಂಗ್ 737ರಂಥ ವಿಮಾನಗಳು ನಿಮಿಷಕ್ಕೆ ಸುಮಾರು 40 ಕೆ.ಜಿ. ಇಂಧನ ಸುಡುತ್ತವೆ. ಇಳಿಯಲಾಗದೆ ಮೇಲೆದ್ದು, ಸುತ್ತಿಕೊಂಡು ಮತ್ತೆ ರನ್‌ವೇ ಎದುರಿಗೆ ಬರಲು ಕಾಲು ಗಂಟೆ ಹಿಡಿದರೆ 600 ಕೆ.ಜಿ. ಹೋಯಿತು. 30 ನಿಮಿಷದ ಆ ಮುಟ್ಟಬಾರದ ಪಾಲು ಇರುವುದೇ ಸುಮಾರು 1,200 ಕೆ.ಜಿ.

ಮಟ್ಟನ್ನೂರಿನ ಮೇಲೆ ಎರಡು ಸಲ ಸುತ್ತುವಾಗ ಪೈಲಟ್ ನೋಡುತ್ತಿದ್ದದ್ದು ಈ ಲೆಕ್ಕವನ್ನು. ಮೂರನೆಯ ಸುತ್ತಿಗೆ ಹೋಗಿ, ಆಗಲೂ ಮಂಜು ತೆರೆಯದಿದ್ದರೆ, ಕೊಚ್ಚಿಗೆ ಮುಟ್ಟುವಾಗ ಆ ಪಾಲಿನ ಅರ್ಧ ಖಾಲಿಯಾಗಿರುತ್ತಿತ್ತು. ಕೊಚ್ಚಿಯಲ್ಲೂ ಮಳೆಗಾಲವೇ. ಅಲ್ಲೂ ಸಾಲಿನಲ್ಲಿ ನಿಲ್ಲಬೇಕಾಗಿ ಬಂದಿದ್ದರೆ?

ಕೊಚ್ಚಿಯಲ್ಲಿ ಇಂಧನ ತುಂಬಿಸಿಕೊಂಡು, ಮಂಜು ಕರಗಿದ ಮೇಲೆ, ಮಧ್ಯಾಹ್ನ ಎರಡು ಗಂಟೆಗೆ ಅದೇ ವಿಮಾನ ಮಟ್ಟನ್ನೂರಿಗೆ ಬಂತು. ಕತ್ತಲಾಗುವ ಮೊದಲು ಮಾಕುಟ್ಟ ದಾಟಬೇಕೆಂದು ಊಟಕ್ಕೂ ನಿಲ್ಲದೆ ಹೊರಟೆವು.